ಪಾರದರ್ಶಕ ಕವಚವೂ ಹಲ್ಲಿನ ಮೇಲಿನ ಉಬ್ಬೂ

ವಕ್ರದಂತಗಳನ್ನು ಸರಿಪಡಿಸುವುದಕ್ಕೆ ಲೋಹದ ತಂತಿಯೊಂದೇ ಗತಿಯೆಂಬ ಕಾಲ ಕಳೆದಿದೆ. ಇಂದು ಕಾಲೇಜಿನ ಯಾವುದಾದರೂ ತರಗತಿಯಲ್ಲಿ ಲಕ್ಷ್ಯವಿಟ್ಟು ನೋಡಿದರೆ ಒಬ್ಬಿಬ್ಬರ ಹಲ್ಲುಗಳ ಮೇಲೆ ಗಾಜಿನಂತೆ ಹೊಳೆಯುವ ತೆಳುವಾದ ಕವಚವನ್ನು ಕಾಣಬಹುದು. ಇದಕ್ಕೆ ಅಲೈನರ್ ಎಂದು ಹೆಸರು. ಊಟಮಾಡುವಾಗ ತೆಗೆದಿಡಬಹುದು, ಎದುರಿಗಿರುವವರ ಕಣ್ಣಿಗೆ ಅಷ್ಟಾಗಿ ಬೀಳುವುದಿಲ್ಲ. ಇವೆರಡೇ ಇದರ ಮುಖ್ಯ ಆಕರ್ಷಣೆ. ಆದರೆ ಇದನ್ನು ಬಯಸಿ ಹೋದವರಿಗೆ ದಂತವೈದ್ಯರು, “ನಿಮ್ಮ ಏಳೆಂಟು ಹಲ್ಲುಗಳ ಮೇಲೆ ಸಣ್ಣ ಸಣ್ಣ ಉಬ್ಬುಗಳನ್ನು ಅಂಟಿಸಬೇಕಾಗುತ್ತದೆ” ಎಂದು ಹೇಳಿದಾಗ ಉತ್ಸಾಹ ತುಸು ಕುಗ್ಗುವುದುಂಟು. ಅಟ್ಯಾಚ್‌ಮೆಂಟ್ ಎಂದು ಕರೆಯುವ ಈ ಉಬ್ಬುಗಳು ನಿಜಕ್ಕೂ ಅವಶ್ಯವೆ? ಬರಿಯ ಕವಚದಿಂದಲೇ ಕೆಲಸ ಸಾಗದೆ? ಪ್ರಶ್ನೆ ದಂತವೈದ್ಯಕ್ಕೆ ಸೇರಿದ್ದಾದರೂ ಉತ್ತರದ ಬಹುಭಾಗ ಭೌತವಿಜ್ಞಾನದ ಪಾಠದಲ್ಲಿಯೇ ಅಡಗಿದೆ.

ಹಲ್ಲುಗಳನ್ನು ಕವಚದಿಂದ ಸರಿಸುವ ಯೋಚನೆ ಹೊಸದೇನಲ್ಲ. 1945ರಲ್ಲಿಯೇ ಅಮೆರಿಕದ ದಂತವೈದ್ಯ ಕೆಸ್ಲಿಂಗ್ ಎಂಬವರು ರಬ್ಬರಿನ ಅಚ್ಚೊಂದನ್ನು ಮಾಡಿ, ಚಿಕಿತ್ಸೆಯ ಕೊನೆಯಲ್ಲಿ ಉಳಿಯುವ ಚಿಕ್ಕಪುಟ್ಟ ಓರೆಗಳನ್ನು ಅದರಿಂದ ತಿದ್ದಿದ್ದರು. ಇಂಥ ಅಚ್ಚುಗಳನ್ನು ಒಂದರ ಮೇಲೊಂದು ಸಾಲಾಗಿ ಬಳಸಿದರೆ ದೊಡ್ಡ ಚಲನೆಗಳೂ ಸಾಧ್ಯವಾದಾವೆಂದು ಅವರು ಊಹಿಸಿದ್ದರು. ಆದರೆ ಪ್ರತಿಯೊಂದು ಹಂತಕ್ಕೂ ಕೈಯಿಂದ ಅಚ್ಚು ತಯಾರಿಸುವುದು ಯಾರಿಗೆ ಸಾಧ್ಯ? ಗಣಕಯಂತ್ರ ಬರುವವರೆಗೆ ಆ ಊಹೆ ಕಾದಿರಬೇಕಾಯಿತು. 1997ರಲ್ಲಿ ಕ್ಯಾಲಿಫೋರ್ನಿಯದಲ್ಲಿ ಸ್ಥಾಪನೆಯಾದ ಅಲೈನ್ ಟೆಕ್ನಾಲಜಿ ಎಂಬ ಸಂಸ್ಥೆಯು ಹಲ್ಲುಗಳ ಆಕಾರವನ್ನು ಗಣಕದಲ್ಲಿ ಮೂಡಿಸಿ, ಅವುಗಳ ಪ್ರಯಾಣವನ್ನು ಹಲವು ಹೆಜ್ಜೆಗಳಾಗಿ ವಿಂಗಡಿಸಿ, ಹೆಜ್ಜೆಗೊಂದರಂತೆ ಕವಚಗಳನ್ನು ತಯಾರಿಸಿತು. ಒಂದೊಂದು ಕವಚವೂ ಹಲ್ಲನ್ನು ಸಾಮಾನ್ಯವಾಗಿ 0.25 ಮಿಲಿಮೀಟರಿಗೆ ಮೀರದಷ್ಟು ಮಾತ್ರ ಸರಿಸುತ್ತದೆ. ದಿನಕ್ಕೆ 20ರಿಂದ 22 ಗಂಟೆಗಳ ಕಾಲ ಧರಿಸಿ, ಒಂದೆರಡು ವಾರಗಳಿಗೊಮ್ಮೆ ಬದಲಿಸುತ್ತ ಹೋಗಬೇಕು.

ಹಲ್ಲು ದವಡೆಯ ಮೂಳೆಯಲ್ಲಿ ಗೋಡೆಗೆ ಹೊಡೆದ ಮೊಳೆಯಂತೆ ಬಿಗಿದುಕೊಂಡಿಲ್ಲ. ಅದರ ಬೇರಿಗೂ ಮೂಳೆಗೂ ನಡುವೆ ಸುಮಾರು 0.2 ಮಿಲಿಮೀಟರ್ ದಪ್ಪದ ನಾರಿನ ಪೊರೆಯೊಂದಿದೆ. ಬೇರು ಈ ಪೊರೆಯನ್ನು ಒಂದು ಕಡೆಗೆ ಒತ್ತಿದಾಗ ಆ ಕಡೆಯ ಮೂಳೆ ಕರಗುತ್ತದೆ, ಎದುರು ಕಡೆಯಲ್ಲಿ ಹೊಸ ಮೂಳೆ ಬೆಳೆಯುತ್ತದೆ. ಹೀಗೆ ಹಲ್ಲು ತನ್ನ ಗೂಡನ್ನು ತಾನೇ ಜರುಗಿಸಿಕೊಂಡು ಸಾಗುತ್ತದೆ. ತಂತಿಯಾಗಲಿ ಕವಚವಾಗಲಿ ಬಲವನ್ನು ಮಾತ್ರ ಒದಗಿಸುತ್ತದೆ. ಉಳಿದ ಕೆಲಸವೆಲ್ಲ ದೇಹದ್ದು. ಆದುದರಿಂದ ಬಲವು ಹಲ್ಲಿನ ಯಾವ ಭಾಗಕ್ಕೆ, ಯಾವ ದಿಕ್ಕಿನಲ್ಲಿ ತಗಲುತ್ತದೆ ಎಂಬುದೇ ಮುಖ್ಯವಾಗುತ್ತದೆ.

ಕೆಸರಿನಲ್ಲಿ ನೆಟ್ಟ ಗೂಟದ ತುದಿಯನ್ನು ತಳ್ಳಿ ನೋಡಿ. ಗೂಟವು ನೆಟ್ಟಗೆ ನಿಂತೇ ಮುಂದಕ್ಕೆ ಸರಿಯುವುದಿಲ್ಲ, ವಾಲುತ್ತದೆ. ಹಲ್ಲಿನ ಪಾಡೂ ಇದೇ. ಕವಚವು ಒಸಡಿನಿಂದ ಹೊರಗೆ ಕಾಣುವ ಭಾಗವನ್ನಷ್ಟೆ ಮುಟ್ಟಬಲ್ಲುದು. ಚಲನೆಗೆ ಅಡ್ಡಿಯ ಕೇಂದ್ರವಾದರೋ ಮೂಳೆಯೊಳಗೆ, ಬೇರಿನ ನಡುಭಾಗದ ಹತ್ತಿರದಲ್ಲಿದೆ. ಇವೆರಡರ ನಡುವಣ ದೂರ 10 ಮಿಲಿಮೀಟರ್ ಎಂದಿಟ್ಟುಕೊಳ್ಳೋಣ. 50 ಗ್ರಾಂ ತೂಕದಷ್ಟು ಬಲದಿಂದ ಒತ್ತಿದರೆ ಹಲ್ಲನ್ನು ವಾಲಿಸುವ ಭ್ರಮಣಾಂಕವು 50 × 10, ಎಂದರೆ 500 ಗ್ರಾಂ-ಮಿಲಿಮೀಟರ್ ಆಗುವುದು. ಹಲ್ಲು ವಾಲದೆ ಬೇರುಸಹಿತ ಸರಿಯಬೇಕಾದರೆ ಇಷ್ಟೇ ಪ್ರಮಾಣದ ವಿರುದ್ಧ ಭ್ರಮಣಾಂಕ ಬೇಕು. ಅದನ್ನು 4 ಮಿಲಿಮೀಟರ್ ಅಂತರದ ಎರಡು ಬಿಂದುಗಳಲ್ಲಿ ಜೋಡಿಬಲವಾಗಿ ಕೊಡುವುದಾದರೆ ಒಂದೊಂದು ಬಿಂದುವಿನಲ್ಲಿಯೂ 125 ಗ್ರಾಂ ಬಲ ಬೇಕಾಗುವುದು. ಬರಿಯ ಕವಚಕ್ಕೆ ಇದು ಕಷ್ಟ. ಒಸಡಿನ ಬಳಿ ಅದರ ಅಂಚು ಬಿರುಸಾಗಿಲ್ಲದೆ ಹೊರಕ್ಕೆ ಬಾಗಿಬಿಡುತ್ತದೆ. ಉದ್ದನೆಯ ಆಯಾಕಾರದ ಉಬ್ಬೊಂದು ಹಲ್ಲಿನ ಮೇಲಿದ್ದರೆ ಅದರ ಎರಡು ತುದಿಗಳು ಈ ಎರಡು ಬಿಂದುಗಳಾಗಿ ಒದಗುತ್ತವೆ.

ಹಲ್ಲನ್ನು ತಿರುಗಿಸುವಲ್ಲಿ ತೊಂದರೆ ಬೇರೆ ಬಗೆಯದು. ಬಾಚಿಹಲ್ಲು ಸನಿಕೆಯಂತೆ ಚಪ್ಪಟೆಯಾಗಿದೆ. ಅದರ ಒಂದು ಅಂಚನ್ನು ಮುಂದಿನಿಂದಲೂ ಇನ್ನೊಂದನ್ನು ಹಿಂದಿನಿಂದಲೂ ಒತ್ತಿದರೆ ಸುಲಭವಾಗಿ ತಿರುಗುತ್ತದೆ. ಕೋರೆಹಲ್ಲಿನ ಹಿಂದಿರುವ ಮುಂದವಡೆ ಹಲ್ಲು ಹಾಗಲ್ಲ, ಹೆಚ್ಚುಕಡಮೆ ದುಂಡಗಿದೆ. ದುಂಡನೆಯ ವಸ್ತುವನ್ನು ಎಲ್ಲಿ ಒತ್ತಿದರೂ ಬಲವು ಅಕ್ಷದತ್ತಲೇ ಸಾಗುತ್ತದೆ, ತಿರುಗಿಸುವ ಗುಣ ಅದಕ್ಕೆ ಬರುವುದಿಲ್ಲ. ಘರ್ಷಣೆಯಾದರೂ ನೆರವಾಗಬಹುದೆಂದರೆ ಬಾಯಿತುಂಬ ಜೊಲ್ಲು! ಎಣ್ಣೆಯ ಕೈಯಿಂದ ಸೀಸೆಯ ನುಣುಪಾದ ಮುಚ್ಚಳವನ್ನು ತಿರುಗಿಸಲು ಹೋದವರಿಗೆ ಇದರ ಅನುಭವವಿದ್ದೀತು. ಮುಚ್ಚಳದ ಪಕ್ಕದಲ್ಲಿ ಒಂದು ಚೂರು ಚಾಚಿಕೊಂಡಿದ್ದರೆ ಬೆರಳಿಗೆ ಹಿಡಿತ ಸಿಕ್ಕುತ್ತದೆ.

ಇನ್ನು ಹಲ್ಲನ್ನು ಒಸಡಿನಿಂದ ಹೊರಕ್ಕೆ ಎಳೆಯುವ ಕೆಲಸ. ಬಾವಿಯಿಂದ ನೀರು ಸೇದುವಾಗ ಕೊಡದ ಕಂಠಕ್ಕೆ ಹಗ್ಗದ ಕುಣಿಕೆ ಹಾಕುತ್ತೇವೆ. ಮೇಲೆ ಅಗಲವಾದ ಬಾಯಿಯಿರುವುದರಿಂದ ಕುಣಿಕೆ ಜಾರುವುದಿಲ್ಲ. ಕಂಠವಿಲ್ಲದ, ಮೇಲಕ್ಕೆ ಹೋದಂತೆ ತೆಳ್ಳಗಾಗುವ ಪಾತ್ರೆಗೆ ಕುಣಿಕೆ ಹಾಕಿ ಎಳೆದರೆ ಹಗ್ಗ ಮಾತ್ರ ಕೈಗೆ ಬರುತ್ತದೆ. ಬಾಚಿಹಲ್ಲು ತುದಿಗೆ ಹೋದಂತೆ ತೆಳುವಾಗುವಂಥದು. ಕವಚವು ಅದನ್ನು ಎಳೆಯಹೋಗಿ ತಾನೇ ಕಳಚಿಕೊಳ್ಳುತ್ತದೆ. ಇಲ್ಲಿ ಉಬ್ಬು ಕೊಡದ ಅಂಚಿನ ಕೆಲಸವನ್ನು ಮಾಡುತ್ತದೆ.

ಈ ಉಬ್ಬು ಹಲ್ಲಿನ ಹುಳುಕು ತುಂಬಲು ಬಳಸುವ, ಹಲ್ಲಿನದೇ ಬಣ್ಣದ ರಾಳ. ಎನಾಮೆಲನ್ನು ಫಾಸ್ಫಾರಿಕ್ ಆಮ್ಲದಿಂದ ತುಸು ಒರಟುಗೊಳಿಸಿ, ಅಚ್ಚಿನ ಮೂಲಕ ರಾಳವನ್ನು ಇರಿಸಿ, ನೀಲಿ ಬೆಳಕು ಹಾಯಿಸಿದರೆ ಕೆಲವೇ ಸೆಕೆಂಡುಗಳಲ್ಲಿ ಗಟ್ಟಿಯಾಗುತ್ತದೆ. ಆಮ್ಲದ ಉಪಾಯವನ್ನು 1955ರಲ್ಲಿ ಬುವನೊಕೋರ್ ಎಂಬ ವಿಜ್ಞಾನಿ ಪ್ರಕಟಿಸಿದರು. ಚಿಕಿತ್ಸೆ ಮುಗಿದ ಮೇಲೆ ಉಬ್ಬನ್ನು ಅರೆದು ತೆಗೆದು ಹಲ್ಲನ್ನು ನುಣುಪುಮಾಡುತ್ತಾರೆ.

ತರ್ಕವೇನೋ ಸರಿ, ಬಾಯಿಯೊಳಗೆ ಅಳೆದು ನೋಡಿದಾಗ ಏನು ಕಂಡಿತು? ಫಲಿತಾಂಶಗಳು ಅಷ್ಟು ಸರಳವಾಗಿಲ್ಲ. 2008ರಲ್ಲಿ ಕ್ರಾವಿಟ್ಜ್ ಮತ್ತು ಸಂಗಡಿಗರು 53 ಕೋರೆಹಲ್ಲುಗಳ ತಿರುಗುವಿಕೆಯನ್ನು ಅಳೆದರು. ಗಣಕವು ಯೋಜಿಸಿದ್ದರಲ್ಲಿ ಸರಾಸರಿ ಶೇಕಡ 36ರಷ್ಟು ಮಾತ್ರ ಕೈಗೂಡಿತ್ತು. ಉಬ್ಬು ಇದ್ದ ಹಲ್ಲಿಗೂ ಇಲ್ಲದ ಹಲ್ಲಿಗೂ ಗಣನೀಯವಾದ ಅಂತರ ಕಾಣಲಿಲ್ಲ. ಮರುವರ್ಷ ಅವರೇ 401 ಮುಂಭಾಗದ ಹಲ್ಲುಗಳನ್ನು ಪರೀಕ್ಷಿಸಿದಾಗ ಒಟ್ಟು ಸಾಧನೆ ಶೇಕಡ 41, ಹೊರಕ್ಕೆಳೆಯುವ ಚಲನೆಯಲ್ಲಿ ಶೇಕಡ 30ಕ್ಕೂ ಕಡಮೆ. ಕವಚದ ಪ್ಲಾಸ್ಟಿಕ್ಕೂ ಉಬ್ಬಿನ ಆಕಾರವೂ ಸುಧಾರಿಸಿದ ಬಳಿಕ, 2020ರಲ್ಲಿ, ಸರಾಸರಿ ಶೇಕಡ 50ಕ್ಕೆ ಏರಿತು. ಉಬ್ಬೊಂದನ್ನು ಅಂಟಿಸಿದ ಮಾತ್ರಕ್ಕೆ ಹಲ್ಲು ಆಜ್ಞಾಧಾರಿಯಾಗುವುದಿಲ್ಲವೆಂಬುದು ಇದರಿಂದ ಸ್ಪಷ್ಟ. ಅದರ ಆಕಾರ, ಸ್ಥಾನ, ಒತ್ತುವ ಮುಖದ ದಿಕ್ಕು ಇವೆಲ್ಲ ಹೊಂದಬೇಕು. ಹಲ್ಲು ಯೋಜನೆಗಿಂತ ಹಿಂದೆ ಬಿದ್ದರೆ ಉಬ್ಬು ಕವಚದ ಗುಳಿಯಲ್ಲಿ ಕೂರದೆ, ಸಹಾಯಕ್ಕೆ ಬದಲಾಗಿ ಅಡ್ಡಿಯಾಗುವುದೂ ಉಂಟು.

ಎಲ್ಲ ಚಲನೆಗಳಿಗೂ ಉಬ್ಬು ಬೇಡ. ಮುಂದಿನ ಹಲ್ಲುಗಳ ನಡುವಣ ಸಣ್ಣ ಸಂದನ್ನು ಮುಚ್ಚುವುದು, ಅಲ್ಪಸ್ವಲ್ಪ ಒತ್ತೊತ್ತಾದ ಬಾಚಿಹಲ್ಲುಗಳನ್ನು ವಾಲಿಸಿ ಸಾಲಿಗೆ ತರುವುದು, ಹಿಂದೊಮ್ಮೆ ಸರಿಪಡಿಸಿದ ಹಲ್ಲು ತುಸು ಓರೆಯಾದಾಗ ತಿದ್ದುವುದು—ಇವು ಬರಿಯ ಕವಚದಿಂದ ಆಗತಕ್ಕ ಕೆಲಸಗಳು. ಮೇಲಿನ ದವಡೆಹಲ್ಲನ್ನು ಒಂದೆರಡು ಮಿಲಿಮೀಟರ್ ಹಿಂದಕ್ಕೆ ಸರಿಸುವಲ್ಲಿ 2014ರ ಅಧ್ಯಯನವೊಂದರಲ್ಲಿ ಯೋಜನೆಯ ಸುಮಾರು ಶೇಕಡ 87 ಸಾಧಿಸಿತ್ತು. ಉಬ್ಬಿನಿಂದ ಅಲ್ಲಿ ಹೆಚ್ಚಿನ ವ್ಯತ್ಯಾಸವಾಗಲಿಲ್ಲ. ಅದೇ ಅಧ್ಯಯನದಲ್ಲಿ ಮುಂದವಡೆ ಹಲ್ಲಿನ ತಿರುಗುವಿಕೆ ಶೇಕಡ 40ರ ಆಸುಪಾಸಿನಲ್ಲಿಯೇ ನಿಂತಿತು. ಕವಚದ ಅಂಚನ್ನು ಒಸಡಿನ ವಕ್ರರೇಖೆಯಂತೆ ಕತ್ತರಿಸದೆ, ಒಸಡಿನ ಮೇಲೆ ಒಂದೆರಡು ಮಿಲಿಮೀಟರ್ ಚಾಚುವಂತೆ ನೇರವಾಗಿ ಬಿಟ್ಟರೆ ಅದರ ಹಿಡಿತ ಹೆಚ್ಚುವುದರಿಂದ, ಕೆಲವು ಕಡೆ ಉಬ್ಬುಗಳ ಸಂಖ್ಯೆಯನ್ನು ಇಳಿಸಲೂಬಹುದು.

ಅಂಚೆಯ ಮೂಲಕ ಕವಚಗಳನ್ನು ಮನೆಗೇ ಕಳುಹಿಸುವ ವ್ಯಾಪಾರವೂ ನಡೆದದ್ದುಂಟು. 2014ರಲ್ಲಿ ಆರಂಭವಾಗಿ 2023ರ ಡಿಸೆಂಬರಿನಲ್ಲಿ ಬಾಗಿಲು ಹಾಕಿದ ಅಮೆರಿಕದ ಸ್ಮೈಲ್‌ಡೈರೆಕ್ಟ್‌ಕ್ಲಬ್ ಇದರಲ್ಲಿ ಪ್ರಸಿದ್ಧವಾಗಿತ್ತು. ಅದು ಮುಚ್ಚಿದ್ದು ಹಣದ ಮುಗ್ಗಟ್ಟಿನಿಂದ, ಉಬ್ಬುಗಳ ದೆಸೆಯಿಂದಲ್ಲ. ಆದರೂ ಒಂದು ಮಾತನ್ನು ಗಮನಿಸಬೇಕು. ಉಬ್ಬನ್ನು ಅಂಟಿಸಲು ವೈದ್ಯರ ಕುರ್ಚಿಯಲ್ಲಿ ಕುಳಿತೇ ತೀರಬೇಕು. ಅಂಚೆಯಲ್ಲಿ ಅದನ್ನು ಕಳುಹಿಸುವಂತಿಲ್ಲ. ಆದುದರಿಂದ “ಉಬ್ಬಿಲ್ಲದ ಚಿಕಿತ್ಸೆ” ಎಂಬ ಜಾಹೀರಾತನ್ನು ಕಂಡಾಗ, ಈ ಹಲ್ಲಿಗೆ ಅದು ಬೇಡವೆಂದು ಬಿಟ್ಟಿದ್ದಾರೆಯೆ, ಅಂಟಿಸುವ ಅನುಕೂಲವಿಲ್ಲದೆ ಬಿಟ್ಟಿದ್ದಾರೆಯೆ ಎಂದು ಕೇಳುವುದು ನ್ಯಾಯ.

ಉಬ್ಬಿನಿಂದಾಗುವ ಕಿರುಕುಳಗಳೂ ಇಲ್ಲದಿಲ್ಲ. ಕವಚ ತೆಗೆದಾಗ ತುಟಿಗೆ ಒರಟಾಗಿ ತಗಲುತ್ತವೆ. ಸುತ್ತಲೂ ಕೊಳೆ ನಿಲ್ಲುತ್ತದೆ. ಚಹ, ಕಾಫಿ, ಅರಿಸಿನದ ಬಣ್ಣ ಹಿಡಿಯುತ್ತದೆ. ಕೆಲವೊಮ್ಮೆ ಉದುರಿಯೂ ಹೋಗುತ್ತವೆ. ಉದುರಿದ್ದನ್ನು ತಿಳಿಸದೆ ಮುಂದಿನ ಕವಚಗಳನ್ನು ಹಾಕಿಕೊಳ್ಳುತ್ತ ಹೋದರೆ ಆ ಒಂದು ಹಲ್ಲು ಹಿಂದೆಯೇ ಉಳಿಯುತ್ತದೆ. ಉಬ್ಬು ಬೇಡವೇ ಬೇಡವೆನ್ನುವವರು ವೈದ್ಯರನ್ನು ಹಲ್ಲುಹಲ್ಲಿಗೂ ಬೇರೆಬೇರೆಯಾಗಿ ಕೇಳುವುದು ಒಳ್ಳೆಯದು: ಈ ಹಲ್ಲು ವಾಲಬೇಕೊ, ತಿರುಗಬೇಕೊ, ಕೆಳಗಿಳಿಯಬೇಕೊ? ವಾಲುವುದಷ್ಟೆ ಆಗಬೇಕಾದರೆ ಉಬ್ಬನ್ನು ಬಿಡಲು ಅನೇಕ ವೇಳೆ ಸಾಧ್ಯ. ದುಂಡನೆಯ ಹಲ್ಲು ತಿರುಗಬೇಕಾಗಿದ್ದು ಅದನ್ನು ಬಿಟ್ಟರೆ, ಕೊನೆಯಲ್ಲಿ ಹೊಸದೊಂದು ಸಾಲು ಕವಚಗಳನ್ನೂ ಇನ್ನು ಕೆಲವು ತಿಂಗಳುಗಳನ್ನೂ ಅದಕ್ಕೆ ಬೆಲೆಯಾಗಿ ತೆರಬೇಕಾಗಬಹುದು.