ಊರೂರು ತಿರುಗುವ ರಂಗಗಾನ

ಗಾಯನಸಭೆಯನ್ನು ಏರ್ಪಡಿಸುವುದು ಒಂದು ವಿದ್ಯೆ. ಅದನ್ನೇ ಗಂಟುಕಟ್ಟಿಕೊಂಡು ಊರಿಂದೂರಿಗೆ ಕೊಂಡೊಯ್ಯುವುದು ಬೇರೊಂದು ವಿದ್ಯೆ. ಈ ಎರಡನೆಯದನ್ನು ಕಲಿಯಬಯಸುವವರು ನಮ್ಮ ವೃತ್ತಿನಾಟಕ ಕಂಪನಿಗಳನ್ನು ನೋಡತಕ್ಕದ್ದು. ಇವು ಹೆಸರಿಗೆ ನಾಟಕದ ಕಂಪನಿಗಳಾದರೂ ಒಂದು ಕಾಲಕ್ಕೆ ಜನರು ಬರುತ್ತಿದ್ದುದು ಬಹುಮಟ್ಟಿಗೆ ಹಾಡಿಗಾಗಿಯೇ. ಮೆಚ್ಚಿದ ಪದವನ್ನು ‘ವನ್ಸ್ ಮೋರ್’ ಎಂದು ಮತ್ತೆ ಮತ್ತೆ ಹಾಡಿಸಿ, ಕಥೆಯನ್ನು ಅರ್ಧರಾತ್ರಿಯಾಚೆಗೆ ನೂಕುತ್ತಿದ್ದ ಸಭಿಕರು ಇದ್ದರು.

ದಾವಣಗೆರೆಯು ಇಂಥ ಕಂಪನಿಗಳ ತವರುಗಳಲ್ಲೊಂದು. ಚಿಂದೋಡಿ ವೀರಪ್ಪನವರು ಕಟ್ಟಿದ ಕೆ. ಬಿ. ಆರ್. ನಾಟಕ ಕಂಪನಿಯು ಈ ಊರಿನದು. ಅವರ ಮಗಳು ಚಿಂದೋಡಿ ಲೀಲಾ ಅವರು ಅದೇ ರಂಗದಲ್ಲಿ ಬೆಳೆದು, ಕಂಪನಿಯ ಭಾರವನ್ನೂ ಹೊತ್ತು, 1988ರಲ್ಲಿ ಪದ್ಮಶ್ರೀ ಪಡೆದು, 2010ರಲ್ಲಿ ತೀರಿಕೊಂಡರು. ಇಲ್ಲಿಂದ 14 ಕಿಲೋಮೀಟರ್ ದೂರದ ಹರಿಹರವಂತೂ 1956ರವರೆಗೆ ಮೈಸೂರು ಸೀಮೆಯ ಅಂಚು. ತುಂಗಭದ್ರೆಯನ್ನು ದಾಟಿದರೆ ಮುಂಬಯಿ ಪ್ರಾಂತದ ಧಾರವಾಡ ಜಿಲ್ಲೆ. ನದಿಯ ಮೇಲೆ ರೈಲುಸೇತುವೆ ಇದ್ದುದರಿಂದ ಪರದೆ, ಪೆಟ್ಟಿಗೆ, ಪಾತ್ರೆಪಡಗಗಳೆಲ್ಲ ಸುಲಭವಾಗಿ ಆಚೆಗೆ ಸಾಗಬಹುದಾಗಿತ್ತು. ಆದರೆ ಆಚೆಯ ದಡದಲ್ಲಿ ಅಧಿಕಾರಿಗಳು ಬೇರೆ, ಕಾಯಿದೆ ಬೇರೆ, ಹಾಡಿನ ರುಚಿಯೂ ತುಸು ಬೇರೆ. ಕರ್ಣಾಟಕ ಸಂಗೀತದ ಮಟ್ಟುಗಳಿಗೆ ತಲೆದೂಗಿದ ಮೈಸೂರಿನ ಕಿವಿಗೂ, ಹಿಂದೂಸ್ತಾನಿ ಚೀಜುಗಳಿಗೂ ಮರಾಠಿ ನಾಟ್ಯಗೀತಗಳಿಗೂ ಒಗ್ಗಿದ ಧಾರವಾಡದ ಕಿವಿಗೂ ಒಂದೇ ಮೇಳವನ್ನು ಉಣಬಡಿಸುವುದು ಹಾರ್ಮೋನಿಯಮ್ ಮೇಷ್ಟರ ಪಾಲಿನ ಪರೀಕ್ಷೆ.

ಕಂಪನಿಯ ಭಾಷೆಯಲ್ಲಿ ಒಂದೂರಿನ ವಾಸಕ್ಕೆ ‘ಮುಕ್ಕಾಂ’ ಅಥವಾ ‘ಕ್ಯಾಂಪ್’ ಎನ್ನುವರು. ಮುಕ್ಕಾಮಿನ ಕೆಲಸವು ಮೊದಲ ಘಂಟೆ ಬಾರಿಸುವುದಕ್ಕೆ ಎಷ್ಟೋ ವಾರಗಳ ಮುಂಚೆಯೇ ಆರಂಭವಾಗುವುದು. ಕಾರ್ಯನಿರ್ವಾಹಕನು ಮುಂದಾಗಿ ಹೋಗಿ ನೀರು ನಿಲ್ಲದ ಬಯಲನ್ನು ಹುಡುಕಬೇಕು. ಪುರಸಭೆಯ ಜಾಗ, ಪೊಲೀಸರ ಪರವಾನಗಿ, ದೀಪದ ವಿದ್ಯುತ್ತು, ನಟವರ್ಗದ ಬಿಡಾರ ಇವಿಷ್ಟನ್ನೂ ಒದಗಿಸಿಕೊಳ್ಳಬೇಕು. ಆ ಊರಿನಲ್ಲಿ ಜನರ ಕೈಗೆ ಹಣ ಬರುವ ದಿನ ಯಾವುದೆಂದು ಅರಿಯುವುದು ಇದಕ್ಕಿಂತ ಮುಖ್ಯ. ದಾವಣಗೆರೆಗೆ ಹತ್ತಿಗಿರಣಿಗಳ ಬಟವಾಡೆಯಿತ್ತು; ಹರಿಹರಕ್ಕೆ 1941ರಲ್ಲಿ ಸ್ಥಾಪಿತವಾದ ಮೈಸೂರು ಕಿರ್ಲೋಸ್ಕರ್ ಕಾರ್ಖಾನೆಯ ಸಂಬಳವಿತ್ತು. ಆ ಕಾರ್ಖಾನೆ ಈಗಿಲ್ಲ, ಗಿರಣಿಗಳೂ ಬಹುತೇಕ ನಿಂತಿವೆ. ಭದ್ರಾ ನಾಲೆಯ ಬತ್ತದ ಕೊಯ್ಲು, ಎರಡು ವರ್ಷಕ್ಕೊಮ್ಮೆ ಬರುವ ದುರ್ಗಾಂಬಿಕೆಯ ಜಾತ್ರೆ ಮಾತ್ರ ಉಳಿದಿವೆ.

ಮಳೆಗಾಲವು ಈ ವೃತ್ತಿಯ ವೈರಿ. ತಗಡಿನ ಛಾವಣಿಯ ಮೇಲೆ ಮಳೆ ಬಿದ್ದರೆ ಎಂಥ ಶಾರೀರವೂ ಕೇಳದು. ತೇವಕ್ಕೆ ತಬಲೆಯ ಚರ್ಮ ಸಡಿಲಗೊಂಡು ಶ್ರುತಿ ಇಳಿಯುವುದು, ಹಾರ್ಮೋನಿಯಮ್ಮಿನ ಮರ ಉಬ್ಬಿ ಮನೆಗಳು ಅಂಟಿಕೊಳ್ಳುವುವು. ಮೈಕು ಬರುವುದಕ್ಕೆ ಮೊದಲು ನಟನು ಎತ್ತರದ ಶ್ರುತಿಯಲ್ಲಿ ಕಂಠವನ್ನೇರಿಸಿ ಹಿಂದಿನ ನೆಲದ ಸಾಲಿಗೂ ಸಾಹಿತ್ಯವನ್ನು ಮುಟ್ಟಿಸಬೇಕಾಗಿತ್ತು. ಮೈಕು ಬಂದಮೇಲೆ ಶ್ರಮವೇನೋ ಇಳಿಯಿತು. ಗಂಟಲು ಪಳಗಿಸುವ ಅಭ್ಯಾಸವೂ ಅದರೊಡನೆ ಇಳಿಯಿತೆಂದು ನಮ್ಮ ಭಾವನೆ.

ಇಷ್ಟಾದರೂ ಕಂಪನಿಗಳನ್ನು ಮುಳುಗಿಸುವುದು ಕೆಟ್ಟ ಹಾಡಲ್ಲ, ಖಾಲಿ ದಿನ. ಇದನ್ನು ಕೊಂಚ ಲೆಕ್ಕಹಾಕಿ ನೋಡೋಣ. ಒಂದು ಕಂಪನಿಯ ದಿನದ ಖರ್ಚು 10,000 ರೂಪಾಯಿ, ಪ್ರಯೋಗದ ದಿನದ ಉತ್ಪತ್ತಿ 14,000 ರೂಪಾಯಿ ಎಂದು ಭಾವಿಸಿರಿ. ಆಡಿದ ದಿನ ಉಳಿಯುವುದು 4,000. ಆಡದ ದಿನವಾದರೋ ಊಟ, ಸಂಬಳ, ಬಾಡಿಗೆ ನಿಲ್ಲವು. ಆದುದರಿಂದ ಒಂದು ಖಾಲಿ ದಿನವು ಎರಡೂವರೆ ಆಟಗಳ ಉಳಿತಾಯವನ್ನು ನುಂಗುವುದು. ಒಂದು ಊರಿನಲ್ಲಿ ಕೆಡವಿ ಇನ್ನೊಂದರಲ್ಲಿ ಎತ್ತಲು 12 ದಿನ ಹಿಡಿದರೆ ಹೊಸ ಊರಿನ ಮೊದಲ 30 ಆಟಗಳು ಆ ನಷ್ಟವನ್ನು ತುಂಬುವುದಕ್ಕೇ ಸರಿಹೋದವು! ದಾವಣಗೆರೆಯಿಂದ ಹರಿಹರಕ್ಕೆ ಹೋಗುವವನು ಈ ಖಾಲಿ ದಿನಗಳನ್ನು ಮೂರು ನಾಲ್ಕಕ್ಕೆ ಇಳಿಸಬಲ್ಲನು. ಆದರೆ ಅಷ್ಟು ಹತ್ತಿರದ ಊರಿನಲ್ಲಿ ಆ ಹಾಡುಗಳನ್ನು ಕೇಳಿ ಮುಗಿಸಿದವರೇ ಬಹಳ. ದೂರ ಹೋದರೆ ಹೊಸ ಕಿವಿ, ಹೆಚ್ಚು ಖಾಲಿ ದಿನ. ಸಮೀಪ ಹೋದರೆ ಕಡಿಮೆ ಖಾಲಿ ದಿನ, ಹಳೆಯ ಕಿವಿ. ಮಾಲೀಕನು ನಿದ್ದೆಗೆಡುವುದು ಈ ತೂಕದಲ್ಲಿ. ತಪ್ಪಿದರೆ ಮೊದಲು ಪೆಟ್ಟು ಬೀಳುವುದು ಪರದೆ ಎಳೆಯುವ ಹುಡುಗನ, ಅಡಿಗೆಯವನ ಸಂಬಳದ ಮೇಲೆ.

ದೊಡ್ಡ ದೇಶಗಳ ಗಾನಸಂಚಾರಿಗಳೂ ಈ ಲೆಕ್ಕದಿಂದ ತಪ್ಪಿಸಿಕೊಂಡಿಲ್ಲ. ಐರ್ಲೆಂಡಿನ ಯು2 ತಂಡವು 2009ರಿಂದ 2011ರವರೆಗೆ ನಡೆಸಿದ ಸಂಚಾರದಲ್ಲಿ ರಂಗದ ಮಹಾ ಉಕ್ಕಿನ ಹಂದರಗಳು ಮೂರಿದ್ದವು. ಒಂದರಡಿಯಲ್ಲಿ ಗಾಯನ ನಡೆಯುತ್ತಿರುವಾಗ ಮತ್ತೊಂದು ಮುಂದಿನ ಊರಿನಲ್ಲಿ ಏಳುತ್ತಿತ್ತು. ನಮ್ಮ ಕಂಪನಿಗಳಿಗೆ ಆ ಐಶ್ವರ್ಯವಿಲ್ಲ. ಗುಬ್ಬಿ ವೀರಣ್ಣನವರು 1934ರ ‘ಕುರುಕ್ಷೇತ್ರ’ದಲ್ಲಿ ಆನೆ ಕುದುರೆಗಳನ್ನೇ ರಂಗಕ್ಕೆ ತಂದರೆಂಬುದು ನಿಜ, ಅಂಥ ಸಾಹಸ ಎಲ್ಲರ ಕೈಗೆ ಎಟುಕದು. ಬಡ ಕಂಪನಿಯು ಮಾಡುವುದಿಷ್ಟೆ: ಕಂಬ ನೆಡುವ ಆಳುಗಳನ್ನು ಒಂದು ವಾರ ಮುಂಚೆ ಕಳುಹಿಸುವುದು.

ಕಲಿಕೆಯ ಶಾಲೆಯೆಂದರೆ ಕಡೆಯ ರಾತ್ರಿ. ಮುಂದೆ ಮಂಗಳ ಹಾಡುತ್ತಿರುವಾಗಲೇ ಹಿಂದೆ ಬೇಡವಾದ ಪರದೆಗಳು ಸುರುಳಿಯಾಗುವುವು. ಲಾರಿಗೆ ಹೇರುವುದರಲ್ಲೂ ಕ್ರಮವುಂಟು: ಮುಂದಿನ ಊರಿನಲ್ಲಿ ಮೊದಲು ಬೇಕಾದ ಕಂಬ, ಹಗ್ಗ, ಗುದ್ದಲಿಗಳು ಕಡೆಗೆ ಏರಬೇಕು, ಕಡೆಗೆ ಬೇಕಾದ ಉಡುಪು, ಬಣ್ಣದ ಪೆಟ್ಟಿಗೆಗಳು ಮೊದಲು. ಕಾಲುಹಾರ್ಮೋನಿಯಮ್ಮನ್ನು ಮಾತ್ರ ಮೇಷ್ಟರು ಸಾಮಾನಿನ ರಾಶಿಗೆ ಸೇರಿಸಗೊಡುವುದಿಲ್ಲ. ಅದನ್ನು ಕಂಬಳಿಯಲ್ಲಿ ಸುತ್ತಿ, ಪಕ್ಕದಲ್ಲಿಯೇ ಇಟ್ಟುಕೊಂಡು ಪಯಣ ಮಾಡುವರು.