ಬೇವು ಒಣಗಿತೆಂದು ಕೊಡಲಿ ಎತ್ತಬೇಡಿ

ಕೊಳಗಲ್ಲಿನ ನಮ್ಮ ಎರೆಹೊಲದ ಬದುವಿನ ಮೇಲೆ ಐದು ಬೇವಿನ ಗಿಡ ಇದ್ದವು. 2021ರ ಮಳೆಗಾಲದ ಕೊನೆಗೆ ಐದರ ಟೊಂಗೆ ತುದಿಗಳೂ ಬೆಂಕಿ ತಗುಲಿದಂತೆ ಕಂದಿದವು. ಸತ್ತೇ ಹೋಯಿತೆಂದು ಒಂದನ್ನು ಕಡಿದು ಸೌದೆ ಮಾಡಿದೆ. ಉಳಿದ ನಾಲ್ಕು ಯುಗಾದಿ ಹೊತ್ತಿಗೆ ಚಿಗುರಿದವು! ಬುತ್ತಿ ಬಿಚ್ಚಲು ಆ ಬದುವಿನಲ್ಲಿ ಈಗ ನೆರಳಿಲ್ಲ.

ಇದು ಫೋಮಾಪ್ಸಿಸ್ ಎಂಬ ಶಿಲೀಂಧ್ರದ ರೋಗ. ಅದೇ ವರ್ಷ ತೆಲಂಗಾಣದಲ್ಲೂ ಬೇವು ಹೀಗೇ ಒಣಗಿದ್ದವು.

ಗುರುತು ಹೀಗೆ: ಬೇಸಿಗೆಗೆ ಮುಂಚೆ ಎಲೆ ಹಳದಿಯಾಗಿ ಉದುರುವುದು ಸಹಜ, ಹೆದರಬೇಡಿ. ರೋಗವಾದರೆ ಮಳೆಗಾಲದಲ್ಲೇ ಟೊಂಗೆ ತುದಿಯಿಂದ ಹಿಂದಕ್ಕೆ ಒಣಗುತ್ತಾ ಬರುತ್ತದೆ, ಕಾಯಿಯೂ ಕೊಳೆಯುತ್ತದೆ. ಟೀ ಸೊಳ್ಳೆ ರಸ ಹೀರಿದರೂ ಚಿಗುರು ಸುಟ್ಟಂತಾಗುತ್ತದೆ. ಕೆಲವೊಮ್ಮೆ ಎರಡೂ ಕೂಡಿಯೇ ಬರುತ್ತವೆ.

ಒಣ ಟೊಂಗೆಯನ್ನು ಸ್ವಲ್ಪ ಹಸಿ ಭಾಗ ಸೇರಿಸಿ ಕತ್ತರಿಸಿ, ಸುಟ್ಟುಬಿಡಿ. ಕೈಗೆಟುಕುವ ಗಿಡವಾದರೆ ಲೀಟರ್ ನೀರಿಗೆ 1 ಗ್ರಾಂ ಕಾರ್ಬೆಂಡಜಿಮ್ ಬೆರೆಸಿ ಸಿಂಪಡಿಸಿ, ಹೂವಿದ್ದಾಗ ಬೇಡ. ರೋಗ ಬೀಜದಲ್ಲೂ ಸಾಗುತ್ತದೆ, ಅಂಥ ಗಿಡದ ಬೀಜದಿಂದ ಸಸಿ ಮಾಡಬೇಡಿ.

ಕಡಿಯುವ ಮುಂಚೆ ತೊಗಟೆಯನ್ನು ಉಗುರಿನಿಂದ ಕೆರೆದು ನೋಡಿ. ಒಳಗೆ ಹಸಿರಿದ್ದರೆ ಜೀವ ಇದೆ. ಯುಗಾದಿವರೆಗೆ ಕಾಯಿರಿ, ಬೇವು-ಬೆಲ್ಲಕ್ಕೆ ಅದೇ ಹೂವು ಕೊಟ್ಟೀತು.