ಚಂಡಮಾರುತದ ಮುನ್ಸೂಚನೆ: ಹಟ್ಟಿಯಲ್ಲಿ ಅದನ್ನು ಬಳಸುವುದು ಹೇಗೆ?



“ಆರೆಂಜ್ ಅಲರ್ಟ್ ಅಂತ ಟಿವಿಯಲ್ಲಿ ಹೇಳಿದ್ರು ಡಾಕ್ಟ್ರೇ, ನಮ್ಮಲ್ಲಿ ಒಂದು ಹನಿಯೂ ಬೀಳಲಿಲ್ಲ.” ಸಂಘಗಳ ಸಭೆಗೆ ಹೋದಾಗಲೆಲ್ಲ ಈ ಮಾತು ಕೇಳಿಬರುತ್ತದೆ. ಅದರಲ್ಲಿ ಸುಳ್ಳೇನೂ ಇಲ್ಲ. ಆದರೆ ಎರಡು ಸಲ ಹೀಗಾದ ಮೇಲೆ ಮೂರನೆಯ ಸಲ ಯಾರೂ ಎಚ್ಚರಿಕೆಗೆ ಕಿವಿಗೊಡುವುದಿಲ್ಲ. ಹಟ್ಟಿಯ ಮೇಲೆ ತೆಂಗಿನ ಮರ ಬೀಳುವುದು ಆ ಮೂರನೆಯ ಸಲವೇ ಆಗಿರಬಹುದು. ಆದ್ದರಿಂದ ಮುನ್ಸೂಚನೆ ಹೇಗೆ ತಯಾರಾಗುತ್ತದೆ, ಅದರಲ್ಲಿ ಎಷ್ಟನ್ನು ನಂಬಬೇಕು, ಅದು ಬಂದಾಗ ಹಟ್ಟಿಯಲ್ಲಿ ಏನು ಮಾಡಬೇಕು ಎಂಬುದನ್ನು ಈ ಸಂಚಿಕೆಯಲ್ಲಿ ನೋಡೋಣ.

ನಮ್ಮ ಕಡಲೂ ಬಿಸಿಯಾಗುತ್ತಿದೆ

ಚಂಡಮಾರುತವೆಂದರೆ ಒಡಿಶಾ, ಆಂಧ್ರದವರ ಕಷ್ಟ ಎಂದು ನಮ್ಮ ಹಿರಿಯರು ತಿಳಿದಿದ್ದರು. ಆಗ ಅದು ಬಹುಮಟ್ಟಿಗೆ ನಿಜವೂ ಆಗಿತ್ತು. ಬಂಗಾಳ ಕೊಲ್ಲಿಗೆ ಹೋಲಿಸಿದರೆ ಅರಬ್ಬೀ ಸಮುದ್ರದಲ್ಲಿ ಚಂಡಮಾರುತ ಏಳುವುದು ಕಡಿಮೆ. ಆದರೆ ಪುಣೆಯ ಭಾರತೀಯ ಉಷ್ಣವಲಯ ಹವಾಮಾನ ಸಂಸ್ಥೆಯ ವಿಜ್ಞಾನಿಗಳು 1982ರಿಂದ 2019ರವರೆಗಿನ ದಾಖಲೆಗಳನ್ನು ಪರಿಶೀಲಿಸಿದಾಗ, ಅರಬ್ಬೀ ಸಮುದ್ರದಲ್ಲಿ ಚಂಡಮಾರುತಗಳ ಸಂಖ್ಯೆ ಶೇ. 52ರಷ್ಟು ಹೆಚ್ಚಿರುವುದು ಕಂಡುಬಂತು. 2019ರ ಒಂದೇ ವರ್ಷದಲ್ಲಿ ನಮ್ಮ ಕಡಲಲ್ಲಿ ಐದು ಚಂಡಮಾರುತಗಳು ಎದ್ದವು. ಬಂಗಾಳ ಕೊಲ್ಲಿಯಲ್ಲಿ ಎದ್ದದ್ದು ಮೂರು.

ಇದಕ್ಕೆ ಮುಖ್ಯ ಕಾರಣ ಕಡಲ ನೀರಿನ ಬಿಸಿ. ಚಂಡಮಾರುತಕ್ಕೆ ಬೆಚ್ಚಗಿನ ನೀರೇ ಮೇವು. ಮೇಲ್ಪದರದ ನೀರು ಸುಮಾರು 26.5 ಡಿಗ್ರಿ ಸೆಲ್ಸಿಯಸ್ ದಾಟಿದಾಗ ಆವಿ ಧಾರಾಳವಾಗಿ ಮೇಲೇರುತ್ತದೆ. ಅದು ಮೋಡವಾಗುವಾಗ ಬಿಡುವ ಶಾಖದಿಂದ ಗಾಳಿ ಇನ್ನಷ್ಟು ಮೇಲೆದ್ದು, ಕೆಳಗೆ ಒತ್ತಡ ಕುಸಿಯುತ್ತದೆ. ಸುತ್ತಲಿನ ಗಾಳಿ ಆ ಜಾಗಕ್ಕೆ ಸುತ್ತುತ್ತಾ ನುಗ್ಗುತ್ತದೆ. 1951ರಿಂದ 2015ರ ನಡುವೆ ಹಿಂದೂ ಮಹಾಸಾಗರದ ಉಷ್ಣವಲಯದ ನೀರು ಸರಾಸರಿ 1 ಡಿಗ್ರಿಯಷ್ಟು ಬಿಸಿಯಾಗಿದೆ ಎಂದು ಕೇಂದ್ರ ಭೂವಿಜ್ಞಾನ ಸಚಿವಾಲಯದ 2020ರ ವರದಿ ಹೇಳುತ್ತದೆ.

2021ರ ಮೇ ತಿಂಗಳ ತೌಕ್ತೆ ನಿಮಗೆ ನೆನಪಿರಬಹುದು. 14ರಂದು ಅದು ಲಕ್ಷದ್ವೀಪದ ಬಳಿಯ ವಾಯುಭಾರ ಕುಸಿತ. 17ರ ಹೊತ್ತಿಗೆ ಅತಿ ತೀವ್ರ ಸ್ವರೂಪದ ಚಂಡಮಾರುತವಾಗಿ, ಆ ರಾತ್ರಿ ಗುಜರಾತ್ ಕರಾವಳಿಗೆ ಅಪ್ಪಳಿಸಿತು. ಅದರ ಕಣ್ಣು ಕರ್ನಾಟಕದ ನೆಲವನ್ನು ಮುಟ್ಟಲೇ ಇಲ್ಲ. ಆದರೂ ಕಡಲಲ್ಲಿ ಹಾದುಹೋಗುತ್ತಲೇ ದಕ್ಷಿಣ ಕನ್ನಡ, ಉಡುಪಿ, ಉತ್ತರ ಕನ್ನಡದಲ್ಲಿ ಮನೆ, ಮರ, ವಿದ್ಯುತ್ ಕಂಬಗಳನ್ನು ಉರುಳಿಸಿತು. “ನಮ್ಮ ಊರಿಗೆ ಬರುವುದಿಲ್ಲವಂತೆ” ಎಂದು ಸುಮ್ಮನಿರುವಂತಿಲ್ಲ ಎಂಬುದಕ್ಕೆ ಇದೇ ಸಾಕ್ಷಿ.

ಲೆಕ್ಕ ಹಾಕುವುದು ಹೇಗೆ?

ಹವಾಮಾನ ಇಲಾಖೆಯ ಕಂಪ್ಯೂಟರ್ ಭೂಪಟವನ್ನು ಚಿಕ್ಕ ಚಿಕ್ಕ ಚೌಕಗಳಾಗಿ ವಿಂಗಡಿಸುತ್ತದೆ. ಪ್ರತಿ ಚೌಕದಲ್ಲಿ ಈಗ ಗಾಳಿಯ ವೇಗ, ಒತ್ತಡ, ಉಷ್ಣತೆ, ತೇವಾಂಶ ಎಷ್ಟಿದೆ ಎಂದು ಉಪಗ್ರಹ, ರಾಡಾರ್, ಕಡಲಲ್ಲಿ ತೇಲುವ ಬೋಯೆ ಮತ್ತು ಹಡಗುಗಳಿಂದ ಮಾಹಿತಿ ಪಡೆಯುತ್ತದೆ. ಬಳಿಕ ಭೌತಶಾಸ್ತ್ರದ ನಿಯಮಗಳ ಪ್ರಕಾರ ಕೆಲವು ನಿಮಿಷಗಳ ನಂತರ ಏನಾಗುತ್ತದೆ, ಅದರ ನಂತರ ಏನಾಗುತ್ತದೆ ಎಂದು ಲೆಕ್ಕ ಹಾಕುತ್ತಾ ಹಲವು ದಿನ ಮುಂದಕ್ಕೆ ಹೋಗುತ್ತದೆ. ಇದನ್ನೇ ‘ಮಾದರಿ’ ಅಥವಾ ಮಾಡೆಲ್ ಎನ್ನುತ್ತಾರೆ.

ತಪ್ಪು ನುಸುಳುವುದು ಎಲ್ಲಿ? ಸಂಘದಲ್ಲಿ ಫ್ಯಾಟ್ ಪರೀಕ್ಷೆ ಮಾಡುವುದನ್ನು ನೋಡಿದ್ದೀರಲ್ಲ. ಕ್ಯಾನನ್ನು ಸರಿಯಾಗಿ ಕಲಕದೆ ಸ್ಯಾಂಪಲ್ ತೆಗೆದರೆ ಯಂತ್ರ ಎಷ್ಟೇ ಒಳ್ಳೆಯದಿದ್ದರೂ ಫಲಿತಾಂಶ ತಪ್ಪುತ್ತದೆ. ನಡುಗಡಲಲ್ಲಿ ಅಳತೆ ಮಾಡುವ ಕೇಂದ್ರಗಳು ಕಡಿಮೆ, ಹಾಗಾಗಿ ಅಲ್ಲಿನ ‘ಸ್ಯಾಂಪಲ್’ ಪೂರ್ತಿ ಸರಿಯಿರುವುದಿಲ್ಲ. ಇದಕ್ಕಾಗಿಯೇ ವಿಜ್ಞಾನಿಗಳು ಆರಂಭದ ಅಂಕಿಗಳನ್ನು ಚೂರು ಚೂರು ಬದಲಿಸಿ ಅದೇ ಲೆಕ್ಕವನ್ನು ಹಲವು ಬಾರಿ ಮಾಡುತ್ತಾರೆ. ಹೆಚ್ಚಿನ ಉತ್ತರಗಳು ಒಂದೇ ಕಡೆ ಬಂದರೆ ನಂಬಿಕೆ ಹೆಚ್ಚು, ಚದುರಿದರೆ ಕಡಿಮೆ. ಟಿವಿಯಲ್ಲಿ ಚಂಡಮಾರುತದ ದಾರಿಯನ್ನು ಗೆರೆಯಾಗಿ ತೋರಿಸದೆ ಅಗಲವಾಗುತ್ತಾ ಹೋಗುವ ಪಟ್ಟಿಯಾಗಿ ತೋರಿಸುವುದು, ದಿನ ಕಳೆದಂತೆ ತಪ್ಪಿನ ಅವಕಾಶ ಹೆಚ್ಚುವುದರಿಂದ. ನಿಮ್ಮ ಊರು ಆ ಪಟ್ಟಿಯೊಳಗಿದ್ದರೆ ನಡುಗೆರೆ ದೂರವಿದ್ದರೂ ಸಿದ್ಧರಾಗಬೇಕು.

ಒಂದು ದಿನ ಮೊದಲು ಹೇಳಿದ ಜಾಗಕ್ಕೂ ಚಂಡಮಾರುತ ನಿಜವಾಗಿ ತಲುಪಿದ ಜಾಗಕ್ಕೂ ಇರುವ ಅಂತರ ಈಗ ಸರಾಸರಿ 100 ಕಿ.ಮೀ.ಗಿಂತ ಕಡಿಮೆ. ಕಡಲಿನ ಲೆಕ್ಕದಲ್ಲಿ ಇದು ದೊಡ್ಡ ಸಾಧನೆ. ನಮ್ಮ ಲೆಕ್ಕದಲ್ಲಿ ಮಂಗಳೂರಿನಿಂದ ಕುಂದಾಪುರಕ್ಕಿರುವಷ್ಟು ದೂರ! ಚಂಡಮಾರುತ ಎಷ್ಟು ಬೇಗ ಬಲಿಯುತ್ತದೆ ಎಂದು ಹೇಳುವುದು ದಾರಿ ಹೇಳುವುದಕ್ಕಿಂತಲೂ ಕಷ್ಟ. ರಾತ್ರಿ ಮಲಗುವಾಗ ಕೇಳಿದ ಸುದ್ದಿ ಬೆಳಗಿನ ಹಾಲು ಕರೆಯುವ ಹೊತ್ತಿಗೆ ಹಳತಾಗಿರಬಹುದು.

ಇನ್ನೊಂದು ವಿಷಯ. ಅಲರ್ಟ್ ಕೊಡುವುದು ಇಡೀ ಜಿಲ್ಲೆಗೆ, ಮಳೆ ಸುರಿಯುವುದು ಜಿಲ್ಲೆಯ ಕೆಲವು ಕಡೆ. 2025ರ ಮೇ ತಿಂಗಳಲ್ಲಿ ಬಳಕೆಗೆ ಬಂದ ‘ಭಾರತ್ ಫೋರ್‌ಕಾಸ್ಟ್ ಸಿಸ್ಟಮ್’ನಲ್ಲಿ ಚೌಕದ ಅಗಲ 12 ಕಿ.ಮೀ.ನಿಂದ 6 ಕಿ.ಮೀ.ಗೆ ಇಳಿದಿದೆ. ಆದರೂ ಒಂದು ಚೌಕದೊಳಗೆ ಎರಡು ಮೂರು ಹಾಲಿನ ಸಂಘಗಳೇ ಇರುತ್ತವೆ. ನಿಮ್ಮ ಅಂಗಳಕ್ಕೆ ಮಳೆ ಬರಲಿಲ್ಲ ಎಂದ ಮಾತ್ರಕ್ಕೆ ಮುನ್ಸೂಚನೆ ಸುಳ್ಳಾಯಿತು ಎನ್ನಲಾಗದು. ಪಕ್ಕದ ಪಂಚಾಯಿತಿಯಲ್ಲಿ ಹೊಳೆ ಉಕ್ಕಿರಬಹುದು.

ಮುಂದಿನ ವರ್ಷಗಳ ಲೆಕ್ಕ

ನಾಳೆಯ ಮಳೆಯ ಮುನ್ಸೂಚನೆ ಬೇರೆ, ಮುಂದಿನ ಮೂವತ್ತು ನಲವತ್ತು ವರ್ಷಗಳ ಹವಾಗುಣದ ಲೆಕ್ಕ ಬೇರೆ. ಇಡೀ ಜಗತ್ತಿನ ಹವಾಗುಣ ಮಾದರಿಗಳಲ್ಲಿ ಒಂದು ಚೌಕ 100 ಕಿ.ಮೀ. ಅಥವಾ ಅದಕ್ಕೂ ಹೆಚ್ಚು ಅಗಲ ಇರುವುದುಂಟು. ಉಡುಪಿಯಿಂದ ಆಗುಂಬೆಗೆ ಸುಮಾರು 55 ಕಿ.ಮೀ. ಅಂದರೆ ಕಡಲು, ಬಯಲು, ಘಟ್ಟ ಮೂರೂ ಒಂದೇ ಚೌಕದಲ್ಲಿ ಕಲಸಿಹೋಗುತ್ತವೆ. ಘಟ್ಟವೇ ಇಲ್ಲದಿದ್ದರೆ ನಮ್ಮ ಮಳೆಯ ಲೆಕ್ಕ ಹೇಗೆ ಸರಿಯಾದೀತು? ಆದ್ದರಿಂದ ಒಂದು ಪ್ರದೇಶವನ್ನಷ್ಟೇ ತೆಗೆದುಕೊಂಡು ಚಿಕ್ಕ ಚೌಕಗಳಲ್ಲಿ ಲೆಕ್ಕ ಹಾಕುವ ‘ಪ್ರಾದೇಶಿಕ ಹವಾಗುಣ ಮಾದರಿ’ಗಳು ಬಂದಿವೆ. ದಕ್ಷಿಣ ಏಷ್ಯಾದ ಮಟ್ಟಿಗೆ ಈ ಕೆಲಸಕ್ಕೂ ಪುಣೆಯ ಸಂಸ್ಥೆಯೇ ಕೇಂದ್ರ.

ಇವು ಯಾವ ತಾರೀಕಿಗೆ ಮಳೆ ಎಂದು ಹೇಳುವುದಿಲ್ಲ. ಮಳೆಗಾಲದ ಸ್ವಭಾವ ಹೇಗೆ ಬದಲಾಗಬಹುದು ಎಂದು ಹೇಳುತ್ತವೆ. ಭಾರಿ ಮಳೆಯ ದಿನಗಳು ಹೆಚ್ಚುವುದು, ಸೆಕೆ ಏರುವುದು, ಚಂಡಮಾರುತಗಳ ಬಲ ಹೆಚ್ಚುವುದು ಅವುಗಳು ತೋರಿಸುತ್ತಿರುವ ದಿಕ್ಕು. ಹೊಸ ಹಟ್ಟಿ ಕಟ್ಟುವವರು ಈ ಮಾತನ್ನು ಲೆಕ್ಕಕ್ಕೆ ತೆಗೆದುಕೊಳ್ಳಬೇಕು. ನೆಲ ಅಂಗಳಕ್ಕಿಂತ ಎತ್ತರವಿರಲಿ. ಶೀಟುಗಳನ್ನು ಬೋಲ್ಟ್ ಹಾಕಿ ಬಿಗಿಯಿರಿ. ಗಾಳಿಯ ವೇಗ ಎರಡು ಪಟ್ಟಾದರೆ ಅದು ಶೀಟಿನ ಮೇಲೆ ಹಾಕುವ ಒತ್ತಡ ನಾಲ್ಕು ಪಟ್ಟಾಗುತ್ತದೆ.

ಬಣ್ಣ ನೋಡಿ ಕೆಲಸ ಮಾಡಿ

*ಹಳದಿ (ಗಮನವಿಡಿ):* ಹಟ್ಟಿಯ ಮೇಲೆ ಬಾಗಿದ ಕೊಂಬೆಗಳನ್ನು ಕಡಿಯಿರಿ. ಬೈಹುಲ್ಲು, ಪಶು ಆಹಾರದ ಚೀಲಗಳನ್ನು ನೆಲದಿಂದ ಮೇಲೆ, ಗೋಡೆಯಿಂದ ದೂರ ಇಡಿ. ಗಳಲೆ ರೋಗ, ಚಪ್ಪೆ ರೋಗದ ಲಸಿಕೆ ಮಳೆಗಾಲಕ್ಕೆ ಮೊದಲೇ ಆಗಿರಬೇಕು. ಲಸಿಕೆ ಕೆಲಸ ಮಾಡಲು ಎರಡು ಮೂರು ವಾರ ಬೇಕು, ನೆರೆ ಬಂದ ಮೇಲೆ ಹಾಕಿಸಿದರೆ ತಡವಾಗುತ್ತದೆ.

*ಕಿತ್ತಳೆ (ಸಿದ್ಧರಾಗಿ):* ನಾಲ್ಕೈದು ದಿನಕ್ಕಾಗುವ ಮೇವು, ಹಿಂಡಿ ಸಂಗ್ರಹಿಸಿ. ಕರೆಂಟ್ ಹೋದರೆ ಪಂಪ್ ನಡೆಯದು, ಕರೆಯುವ ಹಸುವಿಗೆ ದಿನಕ್ಕೆ 50 ಲೀಟರಿಗಿಂತಲೂ ಹೆಚ್ಚು ನೀರು ಬೇಕು. ತೊಟ್ಟಿ, ಡ್ರಮ್ ತುಂಬಿಸಿಡಿ. ಮೇಯಲು ಬಿಡಬೇಡಿ. ಕಿವಿಯೋಲೆಯ 12 ಅಂಕಿ ಕಾಣುವಂತೆ ಪ್ರತಿ ರಾಸಿನ ಫೋಟೊ ತೆಗೆದಿಡಿ. ಸಂಘದ ಕಾರ್ಯದರ್ಶಿಗಳು ಬಿಎಂಸಿಯ ಜನರೇಟರ್, ಡೀಸೆಲ್ ನೋಡಿಕೊಳ್ಳಬೇಕು.

*ಕೆಂಪು (ಈಗಲೇ ಕ್ರಮ):* ಹೊಳೆ ಬದಿ, ತಗ್ಗಿನ ಹಟ್ಟಿಯ ರಾಸುಗಳನ್ನು ಬೆಳಕಿರುವಾಗಲೇ ಎತ್ತರದ ಜಾಗಕ್ಕೆ ಸಾಗಿಸಿ. ಮರದ ಕೆಳಗೆ, ವಿದ್ಯುತ್ ತಂತಿಯ ಕೆಳಗೆ ಕಟ್ಟಬೇಡಿ. ಸಾಗಿಸಲು ಆಗದೆ ನೀವು ಮನೆ ಬಿಡಬೇಕಾಗಿ ಬಂದರೆ, ಕಣ್ಣಿ ಬಿಚ್ಚಿ, ಬಾಗಿಲು ತೆರೆದು ಹೊರಡಿ. ದನಗಳಿಗೆ ಈಜು ಬರುತ್ತದೆ. ಕಣ್ಣಿ ಬಿಗಿದ ದನಕ್ಕೆ ಈಜು ಬಂದರೂ ಪ್ರಯೋಜನವಿಲ್ಲ.

ಗಾಳಿ ಮಳೆ ನಿಂತ ಮೇಲೆ

ತುಂಡಾದ ತಂತಿ ಕಂಡರೆ ಹತ್ತಿರ ಹೋಗದೆ 1912ಕ್ಕೆ ಕರೆ ಮಾಡಿ. ಹಾಲಿನ ವಾಹನ ಬಾರದಿದ್ದರೂ ಕರೆಯುವುದನ್ನು ನಿಲ್ಲಿಸಬೇಡಿ, ಕೆಚ್ಚಲು ಬಾವು ಬರುತ್ತದೆ. ಬೂಷ್ಟು ಹಿಡಿದ ಹುಲ್ಲು, ಹಿಂಡಿ ಹಾಕಬೇಡಿ. ಅದರ ಅಫ್ಲಾಟಾಕ್ಸಿನ್ ಎಂಬ ವಿಷ ಹಾಲಿಗೂ ಇಳಿಯುತ್ತದೆ, ಕುದಿಸಿದರೂ ಹೋಗುವುದಿಲ್ಲ. ನಿಂತ ನೀರಿನಲ್ಲಿ ಬರಿಗಾಲಲ್ಲಿ ಓಡಾಡಬೇಡಿ. ಇಲಿಜ್ವರ ದನಕ್ಕೂ ಬರುತ್ತದೆ, ನಿಮಗೂ ಬರುತ್ತದೆ. ತುರ್ತು ಚಿಕಿತ್ಸೆಗೆ 1962ಕ್ಕೆ ಕರೆ ಮಾಡಿ.

ರಾಸು ಸತ್ತರೆ ಅವಸರದಲ್ಲಿ ಹೂಳಬೇಡಿ. ಮೊದಲು ಪಶುವೈದ್ಯರಿಗೆ, ಗ್ರಾಮ ಆಡಳಿತಾಧಿಕಾರಿಗೆ, ವಿಮೆಯಿದ್ದರೆ ಕಂಪನಿಗೆ ತಿಳಿಸಿ. ವಿಪತ್ತು ಪರಿಹಾರ ನಿಧಿಯ 2022–26ರ ನಿಯಮದಲ್ಲಿ ಕರೆಯುವ ಹಸು ಅಥವಾ ಎಮ್ಮೆಗೆ 37,500 ರೂಪಾಯಿ ಪರಿಹಾರ ನಿಗದಿಯಾಗಿತ್ತು. ಮಹಜರು, ಮರಣೋತ್ತರ ಪರೀಕ್ಷೆಯ ವರದಿ ಇಲ್ಲದೆ ಅದು ಕೈಗೆ ಸಿಗುವುದು ಕಷ್ಟ.

ಕೊನೆಯದಾಗಿ

1999ರ ಅಕ್ಟೋಬರ್‌ನಲ್ಲಿ ಒಡಿಶಾಕ್ಕೆ ಬಂದ ಮಹಾ ಚಂಡಮಾರುತ ಸುಮಾರು ಹತ್ತು ಸಾವಿರ ಜನರನ್ನೂ ಲಕ್ಷಾಂತರ ಜಾನುವಾರುಗಳನ್ನೂ ಬಲಿ ಪಡೆಯಿತು. 2013ರಲ್ಲಿ ಅದೇ ರಾಜ್ಯಕ್ಕೆ ಫೈಲಿನ್ ಬಂದಾಗ ಹತ್ತಿರ ಹತ್ತಿರ ಹತ್ತು ಲಕ್ಷ ಜನರನ್ನು ಮುಂಚೆಯೇ ಸ್ಥಳಾಂತರಿಸಿದ್ದರು, ಸತ್ತವರ ಸಂಖ್ಯೆ ನೂರರ ಒಳಗೇ ಉಳಿಯಿತು. ಈ ನಡುವೆ ಮುನ್ಸೂಚನೆ ಸುಧಾರಿಸಿತ್ತು, ಜನರೂ ಅದನ್ನು ನಂಬಿ ಮನೆ ಬಿಟ್ಟು ಎದ್ದಿದ್ದರು. ಎರಡರಲ್ಲಿ ಒಂದೇ ಇದ್ದಿದ್ದರೆ ಅಷ್ಟು ಜೀವ ಉಳಿಯುತ್ತಿರಲಿಲ್ಲ.

ಹುಲ್ಲು ಮೇಲಿಡಲು, ನೀರು ತುಂಬಿಸಲು, ಹಸು ಸಾಗಿಸಲು ಅರ್ಧ ದಿನದ ಕೆಲಸ. ಐದು ಸಲ ಅದು ದಂಡವಾದರೂ ಕಳೆದುಕೊಳ್ಳುವುದು ಎರಡೂವರೆ ದಿನದ ದುಡಿಮೆ. ಆರನೆಯ ಸಲ ಉಳಿಯುವುದು ಒಂದು ಸಂಸಾರದ ಆದಾಯ. ಮೊಬೈಲಿನಲ್ಲಿ ‘ಮೇಘದೂತ್’ ಆ್ಯಪ್ ಹಾಕಿಕೊಳ್ಳಿ, ಪ್ರತಿ ಮಂಗಳವಾರ ಮತ್ತು ಶುಕ್ರವಾರ ರೈತರಿಗಾಗಿ ಸಲಹೆ ಬರುತ್ತದೆ. ಸಿಡಿಲಿನ ಎಚ್ಚರಿಕೆಗೆ ‘ದಾಮಿನಿ’ ಇದೆ. ಮನೆಯಲ್ಲಿ ಹಿರಿಯರಿಗೆ ಮೊಬೈಲ್ ಬಳಕೆ ಬಾರದಿದ್ದರೆ ಮಕ್ಕಳು ಓದಿ ಹೇಳಲಿ. ಸಂಘದ ನೋಟಿಸ್ ಬೋರ್ಡಿನಲ್ಲಿ ಆಯಾ ದಿನದ ಬಣ್ಣವನ್ನು ಬರೆದು ಹಾಕುವ ಪರಿಪಾಠವನ್ನು ಕಾರ್ಯದರ್ಶಿಗಳು ಈ ಮಳೆಗಾಲದಿಂದಲೇ ಆರಂಭಿಸಬೇಕೆಂದು ಕೋರುತ್ತೇನೆ.